ಹನ್ನೆರಡು ಲಕ್ಷದ ಪ್ರೋನೋಟು, ಆರು ಲಕ್ಷದ ಅಡ್ವಾನ್ಸು: ಸಕಲೇಶಪುರದ ಕಾಫಿ ದಾವೆಯೊಂದರಲ್ಲಿ ಪ್ರತಿವಾದ ಕಟ್ಟಿದ ಬಗೆ

ಕಾಫಿ ಬೆಳೆಗಾರನಿಗೆ ದುಡ್ಡು ಬೇಕಾಗುವುದು ಮುಂಗಾರಿನ ಹೊತ್ತಿಗೆ. ಗೊಬ್ಬರ, ಕಳೆ, ಮರಗಸಿ (ನೆರಳು ಮರದ ಕೊಂಬೆ ಸವರುವುದು), ಆಳಿನ ಬಟವಾಡೆ ಎಲ್ಲವೂ ಆಗಲೇ. ದುಡ್ಡು ಬರುವುದು ಮಾತ್ರ ರೋಬಸ್ಟಾ ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿದ ಮೇಲೆ, ಫೆಬ್ರುವರಿ ಮಾರ್ಚಿನಲ್ಲಿ. ನಡುವಿನ ಎಂಟು ತಿಂಗಳನ್ನು ಪೇಟೆಯ ಕಾಫಿ ವ್ಯಾಪಾರಿ ಅಡ್ವಾನ್ಸ್ ಕೊಟ್ಟು ದಾಟಿಸುತ್ತಾನೆ. ಭದ್ರತೆಗೆಂದು ಸಹಿ ಮಾಡಿದ ಪ್ರೋನೋಟು (ಹಣ ಕೊಡುತ್ತೇನೆಂದು ಬರೆದುಕೊಡುವ ಪ್ರಾಮಿಸರಿ ನೋಟು), ಒಂದೆರಡು ಖಾಲಿ ಚೆಕ್ಕು ತೆಗೆದಿಟ್ಟುಕೊಳ್ಳುತ್ತಾನೆ. ಕಾಫಿ ಕೊಟ್ಟಾಗ ಲೆಕ್ಕ ಮುರಿಯುತ್ತದೆ, ಕಾಗದ ವಾಪಸು ಬರುವುದಿಲ್ಲ. ಕೇಳಿದರೆ "ಇರ್ಲಿ ಬಿಡಿ ಗೌಡ್ರೆ, ಮುಂದಿನ ವರ್ಷಕ್ಕೂ ಬೇಕಲ್ಲ" ಎಂಬ ಉತ್ತರ. ಹಾಸನ ಜಿಲ್ಲೆಯ ಮಲೆನಾಡು ಭಾಗದ ಹಣ ವಸೂಲಿ ದಾವೆಗಳಲ್ಲಿ ಈ ಬಗೆಯವು ಮತ್ತೆ ಮತ್ತೆ ಬರುತ್ತವೆ.

ಕೆಳಗಿನದು ಅಂಥ ಒಂದು ದಾವೆಯ ಪೂರ್ಣ ನಡೆ. ಯಾರ ಗುರುತೂ ಸಿಗದಂತೆ ಹಲವು ಕಡತಗಳ ಸಾಮಾನ್ಯ ಲಕ್ಷಣಗಳನ್ನು ಒಂದೇ ಮಾದರಿಯಾಗಿ ಹೊಂದಿಸಿದ್ದು. ಮೊತ್ತ, ತಾರೀಖು, ಮೂಟೆಗಳ ಲೆಕ್ಕ ಆ ಮಾದರಿಗೆ ಸೇರಿದವು. ಕಾನೂನು ಮಾತ್ರ ಇದ್ದದ್ದು ಇದ್ದಂತೆ.

ವಾದಿ ಹೇಳಿದ್ದು

ವಾದಿ ಸಕಲೇಶಪುರ ಪೇಟೆಯ ಕಾಫಿ, ಮೆಣಸಿನ ವ್ಯಾಪಾರಿ. ಪ್ರತಿವಾದಿ ಹಾನುಬಾಳು ಕಡೆಯ ಒಂಬತ್ತು ಎಕರೆ ರೋಬಸ್ಟಾ ತೋಟದವನು. ವಾದಪತ್ರದ ಪ್ರಕಾರ 11-06-2018ರಂದು ಪ್ರತಿವಾದಿ ಮಗಳ ಮದುವೆ ಖರ್ಚಿಗೆಂದು 12,00,000 ರೂ. ನಗದು ಕೈಗಡ ಪಡೆದು, ಶೇ. 18 ಬಡ್ಡಿಗೆ ಒಪ್ಪಿ, ಕೇಳಿದಾಗ ಕೊಡುವ ಪ್ರೋನೋಟು ಬರೆದುಕೊಟ್ಟ. ಒಂದು ಪೈಸೆಯೂ ತೀರಿಸಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಕಳಿಸಿದ ವಕೀಲರ ನೋಟೀಸಿಗೆ ಉತ್ತರ ಕೊಡಲಿಲ್ಲ. ದಾವೆ ಹೂಡಿದ್ದು 17-10-2022ರಂದು. ಅಸಲು 12 ಲಕ್ಷ, 1,589 ದಿನಗಳ ಬಡ್ಡಿ 9,40,340, ಒಟ್ಟು 21,40,340 ರೂ.

ನಿಜಕ್ಕೂ ನಡೆದದ್ದು

ಪ್ರತಿವಾದಿ ಮೊದಲ ದಿನ ವಕೀಲರ ಮುಂದೆ ಹೇಳಿದ್ದು ಎರಡೇ ಮಾತು: "ಸ್ವಾಮಿ, ನಾನು ಅವರಿಗೆ ಏನೂ ಕೊಡ್ಬೇಕಾಗಿಲ್ಲ. ಸಹಿನೇ ನಂದಲ್ಲ ಅಂತ ಹಾಕಿ." ಎರಡೂ ಸುಳ್ಳು. ಇಂಥ ದಾವೆಗಳಲ್ಲಿ ಪ್ರತಿವಾದಿಯನ್ನು ಮುಳುಗಿಸುವುದು ಬಹುಪಾಲು ಈ ಎರಡು ಮಾತುಗಳೇ. ಸಹಿ ಅವನದೇ. ಅದನ್ನು ಅಲ್ಲಗಳೆದರೆ ಕೋರ್ಟು ಈ ದಾವೆಗೆ ಅನ್ವಯಿಸುತ್ತಿದ್ದ ಹಳೆಯ ಸಾಕ್ಷ್ಯ ಕಾಯ್ದೆಯ 73ನೇ ಕಲಮಿನಡಿ ವಕಾಲತ್ತಿನ ಸಹಿಯೊಂದಿಗೆ ತಾನೇ ಹೋಲಿಸಬಹುದು, ತಜ್ಞರಿಗೂ ಕಳಿಸಬಹುದು. ಸಹಿಯ ವಿಷಯದಲ್ಲಿ ಸುಳ್ಳುಗಾರ ಎಂದು ಒಮ್ಮೆ ಗೊತ್ತಾದವನ ಕಾಫಿ ಲೆಕ್ಕವನ್ನು ಆಮೇಲೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ.

ಬ್ಯಾಂಕ್ ಪಾಸ್‌ಬುಕ್, ತೂಕದ ಚೀಟಿ, ಮೊಬೈಲು, ಡೈರಿ ಎಲ್ಲವನ್ನೂ ತರಿಸಿ ಎರಡು ದಿನ ಕೂತು ಲೆಕ್ಕ ಹಾಕಿದಾಗ ಬಂದದ್ದು ಇಷ್ಟು:

ಬಂದ ಹಣ: 13-06-2018ರಂದು ವ್ಯಾಪಾರಿಯ ಅಂಗಡಿ ಖಾತೆಯಿಂದ ಆರ್‌ಟಿಜಿಎಸ್ 4,00,000, 20-09-2018ರಂದು ನೆಫ್ಟ್ 1,50,000, ಅದೇ ಅಕ್ಟೋಬರಿನಲ್ಲಿ ನಗದು 50,000. ಒಟ್ಟು 6,00,000.

ಕೊಟ್ಟ ಕಾಫಿ: 2019ರಲ್ಲಿ ರೋಬಸ್ಟಾ ಚೆರಿ 96 ಮೂಟೆ, 2020ರಲ್ಲಿ 70 ಮೂಟೆ. ಮೂಟೆಗೆ 50 ಕೆ.ಜಿ. ಚೆರಿಯ ದರ ನಿಲ್ಲುವುದು ಔಟ್‌ಟರ್ನ್ ಮೇಲೆ, ಅಂದರೆ 50 ಕೆ.ಜಿ. ಒಣ ಚೆರಿ ಮಿಲ್ ಮಾಡಿದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬುದರ ಮೇಲೆ. ಎರಡು ವರ್ಷವೂ ಔಟ್‌ಟರ್ನ್ 26. ಮೊದಲ ವರ್ಷ ಪಾಯಿಂಟಿಗೆ (ಔಟ್‌ಟರ್ನಿನ ಒಂದು ಕೆ.ಜಿ.ಗೆ) 128 ರೂ., ಮೂಟೆಗೆ 3,328, ಒಟ್ಟು 3,19,488. ಎರಡನೇ ವರ್ಷ ಪಾಯಿಂಟಿಗೆ 125, ಮೂಟೆಗೆ 3,250, ಒಟ್ಟು 2,27,500. ಎರಡೂ ಸೇರಿ 5,46,988.

ಉಳಿದ ಬಾಕಿ 53,012 ರೂ. ಪ್ರತಿವಾದ ಏನಾಗಬೇಕೆಂಬುದನ್ನು ಈ ಅಂಕಿಯೇ ತೀರ್ಮಾನಿಸಿತು. "ಏನೂ ಕೊಡಬೇಕಿಲ್ಲ" ಎನ್ನುವ ಬದಲು "ಇಷ್ಟೇ ಕೊಡಬೇಕು, ಇದರ ಲೆಕ್ಕ ಇಲ್ಲಿದೆ" ಎಂದು ನಿಲ್ಲುವುದು. ಕಕ್ಷಿದಾರನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಬಾಕಿ ಒಪ್ಪಿಕೊಂಡರೆ ಸೋತಂತೆ ಎಂಬ ಭಾವನೆ ಊರ ಕಡೆ ಗಟ್ಟಿಯಾಗಿಯೇ ಇದೆ.

ಬಿಟ್ಟುಬಿಟ್ಟ ಅಸ್ತ್ರಗಳು

ಬಳಸದೆ ಬಿಟ್ಟದ್ದನ್ನು ಮೊದಲು ಹೇಳಬೇಕು, ಏಕೆಂದರೆ ನಾಲ್ಕೂ ನೋಡಲು ಹರಿತವಾಗಿಯೇ ಇದ್ದವು.

ಮೊದಲನೆಯದು ಕಾಲಮಿತಿ. ಕೇಳಿದಾಗ ಕೊಡುವ ಪ್ರೋನೋಟಿನ ಮೇಲಿನ ದಾವೆಗೆ ಪರಿಮಿತಿ ಕಾಯ್ದೆಯ 35ನೇ ಅನುಚ್ಛೇದದಡಿ ನೋಟಿನ ತಾರೀಖಿನಿಂದ ಮೂರು ವರ್ಷ. 2018ರ ಜೂನ್ ನೋಟು, 2022ರ ಅಕ್ಟೋಬರ್ ದಾವೆ. ಬೆರಳೆಣಿಸಿದರೆ ಅವಧಿ ಮೀರಿದೆ. ಆದರೆ ಕೋವಿಡ್ ಕಾರಣ ಸುಪ್ರೀಂ ಕೋರ್ಟು 10-01-2022ರ ಆದೇಶದಲ್ಲಿ 15-03-2020ರಿಂದ 28-02-2022ರವರೆಗಿನ ಕಾಲವನ್ನು ಲೆಕ್ಕದಿಂದ ಹೊರಗಿಟ್ಟಿತು. 15-03-2020ಕ್ಕೆ ಈ ನೋಟಿಗೆ ಇನ್ನೂ 454 ದಿನ ಬಾಕಿ ಇತ್ತು. ಅದು 01-03-2022ರಿಂದ ಮತ್ತೆ ಓಡಿ ಮುಗಿಯುವುದು 28-05-2023ಕ್ಕೆ. ದಾವೆ ಅವಧಿಯೊಳಗೇ ಇದೆ. ಈ ಲೆಕ್ಕ ಹಾಕದೆ ಕಾಲಮಿತಿಯನ್ನೇ ಮುಖ್ಯ ತಕರಾರು ಮಾಡಿಕೊಂಡು, ಉಳಿದ ಸಾಕ್ಷ್ಯ ಕೂಡಿಡದೆ ಕೂತ ಪ್ರತಿವಾದಿಗಳು ಉಂಟು.

ಎರಡನೆಯದು ಸ್ಟಾಂಪು. ಸ್ಟಾಂಪಿಲ್ಲದ, ಅಥವಾ ಅಂಟಿಸಿದ ಸ್ಟಾಂಪನ್ನು ರದ್ದು ಮಾಡದ ಪ್ರಾಮಿಸರಿ ನೋಟು ಸಾಕ್ಷ್ಯವಾಗದು. ಬೇರೆ ದಸ್ತಾವೇಜಿನಂತೆ ದಂಡ ಕಟ್ಟಿ ಅದನ್ನು ಉಳಿಸಿಕೊಳ್ಳಲೂ ಬರುವುದಿಲ್ಲ. ಹಾಗಾಗಿ ಮೂಲ ನೋಟನ್ನು ಕೋರ್ಟಿನ ಕಚೇರಿಯಲ್ಲಿ ಕಣ್ಣಾರೆ ನೋಡಲೇಬೇಕು. ಜೆರಾಕ್ಸಿನಲ್ಲಿ ಇದು ತಿಳಿಯದು. ಇಲ್ಲಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಲಾಗಿ ಸಹಿ ಬಿದ್ದಿತ್ತು. ಸಾಕ್ಷಿ ಸಹಿ ಇದ್ದರೂ "ನಿಮಗೆ ಅಥವಾ ನೀವು ಹೇಳಿದವರಿಗೆ" ಎಂಬ ಛಾಪಿಸಿದ ಮಾತು ಇದ್ದುದರಿಂದ ಅದನ್ನು ಬಾಂಡ್ ಎನ್ನಲೂ ಬರುತ್ತಿರಲಿಲ್ಲ. ಸ್ಟಾಂಪಿನ ದೋಷ ಇದ್ದರೆ ತಕರಾರು ಎತ್ತಬೇಕಾದದ್ದು ದಾಖಲೆ ಗುರುತು ಮಾಡುವ ಕ್ಷಣದಲ್ಲಿ. ಒಮ್ಮೆ ನಿಶಾನೆ (ಸಾಕ್ಷ್ಯವಾಗಿ ಸ್ವೀಕರಿಸಿದ ಗುರುತು) ಬಿದ್ದ ಮೇಲೆ ಆ ಪ್ರಶ್ನೆ ಮುಗಿಯಿತೆಂದು ಜಾವೇರ್ ಚಂದ್ ಪ್ರಕರಣ (1961) ಹೇಳಿದೆ. ಜೂನಿಯರ್ ಒಬ್ಬರನ್ನು ಕಳಿಸಿ "ನೋ ಅಬ್ಜೆಕ್ಷನ್" ಅನ್ನಿಸಿಬಿಟ್ಟರೆ ಕೇಸಿನ ಒಂದು ಕಂಬವೇ ಹೋದಂತೆ.

ಮೂರನೆಯದು ಲೇವಾದೇವಿ ಲೈಸೆನ್ಸು. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಿದಾಗ ಇದೇ ವಾದಿ ಹೂಡಿದ ಇಂಥವೇ ಹಲವು ದಾವೆ ಸಿಕ್ಕವು. ಕರ್ನಾಟಕ ಲೇವಾದೇವಿಗಾರರ ಕಾಯ್ದೆ 1961ರ 11ನೇ ಕಲಮು ಲೈಸೆನ್ಸಿಲ್ಲದವನ ಡಿಕ್ರಿಗೆ ಅಡ್ಡ ಬರುತ್ತದೆ. ಆದರೆ ಪ್ರತಿವಾದಿ ಕಡೆಯ ನಮ್ಮದೇ ಕಥೆ ಏನು? "ಅದು ಸಾಲವಲ್ಲ, ಕಾಫಿಗೆ ಕೊಟ್ಟ ಅಡ್ವಾನ್ಸು." ಒಂದೇ ಬಾಯಲ್ಲಿ ಅವನು ಕಾಫಿ ವ್ಯಾಪಾರಿ ಎಂದೂ ಬಡ್ಡಿ ವ್ಯಾಪಾರಿ ಎಂದೂ ಹೇಳಿದರೆ ಎರಡೂ ಸಡಿಲವಾಗುತ್ತವೆ. ಪರ್ಯಾಯ ತಕರಾರು ಎತ್ತಲು ಪ್ರತಿವಾದಿಗೆ ಹಕ್ಕಿದೆ, ನಿಜ. ಆದರೆ ಸಾಕ್ಷಿ ಕಟ್ಟೆಯಲ್ಲಿ ನಿಲ್ಲುವುದು ಒಬ್ಬನೇ ಮನುಷ್ಯ. ಇದನ್ನು ಬಡ್ಡಿಯ ಮಟ್ಟಿಗೆ ಒಂದು ಪ್ಯಾರಾದಲ್ಲಿ ಇಟ್ಟು ಬಿಡಲಾಯಿತು.

ನಾಲ್ಕನೆಯದು ಹೆಚ್ಚು ಚರ್ಚೆಗೆ ಎಡೆಯಿರುವಂಥದ್ದು. ಮೂರು ಲಕ್ಷ ಅಥವಾ ಅದಕ್ಕೆ ಮೀರಿದ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಬರುತ್ತವೆ. ತುರ್ತು ಪರಿಹಾರ ಕೇಳದ ದಾವೆಗೆ ಮುನ್ನ 12ಎ ಕಲಮಿನ ಮಧ್ಯಸ್ಥಿಕೆ ಕಡ್ಡಾಯ. ಅದಿಲ್ಲದೆ 20-08-2022ರಂದು ಅಥವಾ ನಂತರ ಹೂಡಿದ ವಾದಪತ್ರ ತಿರಸ್ಕಾರಯೋಗ್ಯ ಎಂದು ಪಾಟೀಲ್ ಆಟೊಮೇಷನ್ ತೀರ್ಪು (2022) ಹೇಳುತ್ತದೆ. ಈ ದಾವೆ ಆ ತಾರೀಖಿನ ನಂತರದ್ದು. ಕಾಫಿ ಅಡ್ವಾನ್ಸು ಎಂದರೆ ವಾಣಿಜ್ಯ ವ್ಯವಹಾರ ಎಂದು ವಾದಿಸಬಹುದಿತ್ತು. ಬಿಟ್ಟದ್ದಕ್ಕೆ ಎರಡು ಕಾರಣ. ಕಾಯ್ದೆಯ ಮಾತು ವರ್ತಕರು, ಬ್ಯಾಂಕಿನವರು, ಹಣಕಾಸುದಾರರು, ವ್ಯಾಪಾರಿಗಳ ಸಾಮಾನ್ಯ ವ್ಯವಹಾರದ ಬಗ್ಗೆ. ತನ್ನ ಬೆಳೆ ಮಾರುವ ರೈತ ಅದರಲ್ಲಿ ಬರುತ್ತಾನೆಯೇ ಎಂಬುದು ಜಗ್ಗಾಟದ ಪ್ರಶ್ನೆ. ಜೊತೆಗೆ, ವಾಣಿಜ್ಯ ದಾವೆಯಲ್ಲಿ ಲಿಖಿತ ಹೇಳಿಕೆಗೆ 120 ದಿನ ಕಳೆದರೆ ಬಾಗಿಲು ಮುಚ್ಚಿದಂತೆಯೇ. ಬಾಕಿ ಒಪ್ಪಿಕೊಂಡು ಮುಗಿಸಬೇಕೆಂದಿರುವ ಕಕ್ಷಿದಾರನಿಗೆ ಇನ್ನೊಂದು ಸುತ್ತಿನ ಓಡಾಟ ಬೇಡವಾಗಿತ್ತು. ಬೇರೆ ವಕೀಲರು ಬೇರೆ ದಾರಿ ಹಿಡಿದಿದ್ದರೆ ತಪ್ಪೆನ್ನಲಾಗದು.

ಕಣದ ಕಾಫಿಗೆ ಜಪ್ತಿ

ಸಮನ್ಸ್ ಮುಟ್ಟಿದ್ದು 09-01-2023ರಂದು. ರೋಬಸ್ಟಾ ಕೊಯ್ಲಿನ ಕಾಲ, ಮನೆಯಲ್ಲಿ ಆಳು ಕಾಳು. ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38 ನಿಯಮ 5ರಡಿ ಮಧ್ಯಂತರ ಅರ್ಜಿ: ತೋಟವನ್ನೂ ಕಣದಲ್ಲಿ ಒಣಗುತ್ತಿರುವ ಕಾಫಿಯನ್ನೂ ತೀರ್ಪಿಗೆ ಮುಂಚೆಯೇ ಜಪ್ತಿ ಮಾಡಬೇಕೆಂದು. ಇದರ ಉದ್ದೇಶ ಬಹುಪಾಲು ಹೆದರಿಕೆ. ಕಾಫಿ ಮಾರಲಾಗದೆ ಹೋದರೆ ಬೆಳೆಗಾರ ರಾಜಿಗೆ ಬರುತ್ತಾನೆ.

ಉತ್ತರ ಅದೇ ಆದೇಶದ 12ನೇ ನಿಯಮದಲ್ಲಿತ್ತು. ಕೃಷಿಕನ ಸ್ವಾಧೀನದಲ್ಲಿರುವ ಕೃಷಿ ಉತ್ಪನ್ನವನ್ನು ತೀರ್ಪಿಗೆ ಮುಂಚೆ ಜಪ್ತಿ ಮಾಡಲು ಈ ಆದೇಶ ಅಧಿಕಾರವನ್ನೇ ಕೊಡುವುದಿಲ್ಲ. ಎರಡು ಸಾಲಿನ ಈ ನಿಯಮ ಕಾಫಿ ಸೀಮೆಯಲ್ಲಿ ಎಲ್ಲ ವಕೀಲರ ಬಾಯಲ್ಲೂ ಇರಬೇಕಾದದ್ದು, ಇಲ್ಲ. ತೋಟದ ಮಟ್ಟಿಗೆ ರಾಮನ್ ಟೆಕ್ ತೀರ್ಪು (2008) ಸಾಕಾಯಿತು: ಭದ್ರತೆಯಿಲ್ಲದ ಸಾಲವನ್ನು ಭದ್ರತೆಯ ಸಾಲವಾಗಿ ಮಾರ್ಪಡಿಸಿಕೊಳ್ಳಲು ಈ ನಿಯಮ ಇಲ್ಲ, ಡಿಕ್ರಿ ತಪ್ಪಿಸಲೆಂದೇ ಆಸ್ತಿ ಪರಭಾರೆ ಮಾಡಲು ಹೊರಟಿದ್ದಾನೆಂದು ತೋರಿಸಬೇಕು. ಪಹಣಿ, ಋಣಭಾರ ಪತ್ರ, ಬ್ಯಾಂಕಿನ ಬೆಳೆ ಸಾಲ ಪತ್ರ ಹಾಜರಾದವು. ಮಾರಾಟದ ಸುಳಿವೂ ಇರಲಿಲ್ಲ. ಅರ್ಜಿ ವಜಾ.

ಇದೇ ಹೊತ್ತಿಗೆ ಪ್ರತಿವಾದಿಯ ನೆಂಟರೊಬ್ಬರು "ತೋಟಾನ ಹೆಂಡ್ತಿ ಹೆಸ್ರಿಗೆ ದಾನಪತ್ರ ಮಾಡ್ಸಿಬಿಡು" ಎಂದು ಸಲಹೆ ಕೊಟ್ಟಿದ್ದರು. ಹಾಗೆ ಮಾಡಿದ್ದರೆ ಮರುದಿನವೇ ಜಪ್ತಿ ಆದೇಶ ಬರುತ್ತಿತ್ತು.

ಲಿಖಿತ ಹೇಳಿಕೆ

ಆದೇಶ 8 ನಿಯಮ 1ರ 30 ದಿನ 08-02-2023ಕ್ಕೆ ಮುಗಿದಿತ್ತು. ಸಲ್ಲಿಸಿದ್ದು 21-03-2023ರಂದು, 71ನೇ ದಿನ. ಜಪ್ತಿ ಅರ್ಜಿ, ಕೊಯ್ಲು ಎಂಬ ಕಾರಣ ಬರೆದು ಅರ್ಜಿ ಕೊಡಬೇಕಾಯಿತು, 500 ರೂ. ಖರ್ಚು ಬಿತ್ತು. ಸಾಮಾನ್ಯ ದಾವೆಯಲ್ಲಿ 90 ದಿನದ ಗಡುವು ಉಕ್ಕಿನದಲ್ಲ ಎಂದು ಕೈಲಾಶ್ ವಿರುದ್ಧ ನನ್ಕು ಪ್ರಕರಣ (2005) ಹೇಳಿದೆ, ಆದರೆ ಆ ಔದಾರ್ಯದ ಮೇಲೆ ಮನೆ ಕಟ್ಟಬಾರದು.

ಹೇಳಿಕೆಯ ತಿರುಳು ಹೀಗಿತ್ತು. ಸಹಿ ಒಪ್ಪಿಗೆ. ಅಡ್ವಾನ್ಸ್ ಪಡೆಯುವ ಮುಂಚೆ, 2018ರ ಜೂನ್ ಮೊದಲ ವಾರದಲ್ಲಿ, ಮೊತ್ತ, ತಾರೀಖು, ಬಡ್ಡಿ ತುಂಬದ ಛಾಪಿಸಿದ ಫಾರ್ಮಿಗೆ ವಾದಿಯ ಅಂಗಡಿಯಲ್ಲಿ ಸಹಿ ಮಾಡಿದ್ದು. ಬಂದ ಮೂರು ಕಂತು ಹಣ, ತಾರೀಖು ಸಮೇತ. ನಗದಾಗಿ ಬಂದ 50,000ವನ್ನೂ ಬಿಡದೆ ಬರೆದದ್ದು ಮುಖ್ಯ. ವಾದಿಯ ಬಳಿ ಅದಕ್ಕೆ ಪುರಾವೆ ಇರಲಿಲ್ಲ. ತನಗೆ ವಿರುದ್ಧವಾದದ್ದನ್ನೂ ಹೇಳಿದವನ ಉಳಿದ ಲೆಕ್ಕಕ್ಕೆ ತೂಕ ಬರುತ್ತದೆ. ಕೊನೆಗೆ ತೀರ್ಪಿನಲ್ಲಿ ಇದೇ ಮಾತು ಕಾಣಿಸಿತು. ನಂತರ ಮೂಟೆಗಳ ಲೆಕ್ಕ, ಉಳಿದ ಬಾಕಿ.

"ಖಾಲಿ ನೋಟಿಗೆ ಸಹಿ ಮಾಡಿದ್ದೆ" ಎಂಬುದಷ್ಟೇ ಪ್ರತಿವಾದವಲ್ಲ ಎನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 20ನೇ ಕಲಮು, ಸ್ಟಾಂಪು ಹಚ್ಚಿದ ಅಪೂರ್ಣ ನೋಟಿಗೆ ಸಹಿ ಮಾಡಿ ಕೊಟ್ಟವನು ಅದನ್ನು ಪೂರ್ತಿ ಮಾಡಿಕೊಳ್ಳಲು ಮೇಲುನೋಟಕ್ಕೆ ಅಧಿಕಾರ ಕೊಟ್ಟಂತೆ ಎನ್ನುತ್ತದೆ. ಖಾಲಿ ಚೆಕ್ಕಿನ ವಿಷಯದಲ್ಲಿ ಬೀರ್ ಸಿಂಗ್ ತೀರ್ಪು (2019) ಕೂಡ ಅದೇ ದಿಕ್ಕಿನದು. ಅದರ ಮೇಲೆ 118ನೇ ಕಲಮಿನ ಪೂರ್ವಭಾವನೆ: ನೋಟು ಇದ್ದರೆ ಪ್ರತಿಫಲ ಸಂದಿದೆ ಎಂದೇ ಕೋರ್ಟು ಹೊರಡಬೇಕು. ಆದ್ದರಿಂದ ಹೋರಾಟ "ಯಾರು ತುಂಬಿದರು" ಎಂಬುದರ ಸುತ್ತ ಅಲ್ಲ, "ಹನ್ನೆರಡು ಲಕ್ಷ ನಿಜವಾಗಿ ಕೈ ಬದಲಿಸಿತೇ" ಎಂಬುದರ ಸುತ್ತ ನಡೆಯಬೇಕು. ಶಾಯಿಯ ವಯಸ್ಸು ಪರೀಕ್ಷಿಸಿ ಎಂದು ಅರ್ಜಿ ಹಾಕುವ ಚಟವೂ ಇದೆ. ಶಾಯಿಯ ವಯಸ್ಸನ್ನು ಖಚಿತವಾಗಿ ಹೇಳುವ ಭರವಸೆಯ ಪರೀಕ್ಷೆ ಇಲ್ಲದಿರುವಾಗ ಅದರಿಂದ ಹೋಗುವುದು ಒಂದು ವರ್ಷ ಮಾತ್ರ.

ನಿರಾಕರಣೆಯ ಭಾಷೆಗೂ ಬೆಲೆಯಿದೆ. "ಪ್ಯಾರಾ 3ರಿಂದ 7ರವರೆಗಿನ ಸಂಗತಿ ಸುಳ್ಳು, ವಾದಿ ರುಜುವಾತುಪಡಿಸಲಿ" ಎಂದು ಒಟ್ಟಿಗೆ ತಳ್ಳಿಹಾಕಿದರೆ ಆದೇಶ 8ರ 3, 4, 5ನೇ ನಿಯಮಗಳ ಪ್ರಕಾರ ಅದು ನಿರಾಕರಣೆಯೇ ಅಲ್ಲ, ಒಪ್ಪಿಗೆ ಎಂದಾಗಬಹುದು. ಇಲ್ಲಿ ಮದುವೆಯ ವಾಕ್ಯಕ್ಕೆ ಬೇರೆಯೇ ಉತ್ತರ ಬರೆಯಲಾಯಿತು: ಮಗಳ ಮದುವೆ ಆದದ್ದು 2016ರ ಮೇನಲ್ಲಿ, ವಿವಾಹ ನೋಂದಣಿ ಪತ್ರ ಲಗತ್ತು. ನೋಟೀಸಿಗೆ ಉತ್ತರ ಕೊಡದ್ದಕ್ಕೆ ಕಾರಣವನ್ನೂ ಇಲ್ಲಿಯೇ ಹೇಳಬೇಕಿತ್ತು. ಅಂಗಡಿಗೆ ಹೋಗಿ ಮಾತಾಡಿದ್ದೆ, ಸರಿಮಾಡುತ್ತೇನೆ ಎಂದಿದ್ದರು ಎಂದು ಬರೆದರೂ ಅದು ಕುಂಟು ಉತ್ತರವೇ. ಹದಿನೈದು ದಿನದೊಳಗೆ ಇದೇ ಅಂಕಿಗಳಿರುವ ಒಂದು ಪುಟದ ಉತ್ತರ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿದ್ದರೆ ಅರ್ಧ ಪಾಟೀ ಸವಾಲು (ಸಾಕ್ಷಿಗೆ ಎದುರು ಪಕ್ಷದ ವಕೀಲರ ಪ್ರಶ್ನೆಗಳು) ತಪ್ಪುತ್ತಿತ್ತು.

ಹೇಳಿಕೆಯ ಜೊತೆಗೇ ಆದೇಶ 24ರಡಿ 60,000 ರೂ. ಕೋರ್ಟಿನಲ್ಲಿ ಠೇವಣಿ ಇಟ್ಟು ವಾದಿಗೆ ನೋಟೀಸು ಕೊಡಲಾಯಿತು. ಈ ಆದೇಶ ನಮ್ಮ ಕಡೆ ಬಹುತೇಕ ಮರೆತುಹೋಗಿದೆ. ನೋಟೀಸು ಮುಟ್ಟಿದ ದಿನದಿಂದ ಠೇವಣಿಯಷ್ಟು ಹಣಕ್ಕೆ ಬಡ್ಡಿ ನಿಲ್ಲುತ್ತದೆ. ಬಾಕಿ ಒಪ್ಪಿಕೊಂಡರೆ ಆದೇಶ 12 ನಿಯಮ 6ರಡಿ ತಕ್ಷಣ ಡಿಕ್ರಿ ಕೇಳುವ ದಾರಿ ವಾದಿಗೆ ತೆರೆಯುತ್ತದಲ್ಲ, ಆ ದಾರಿಯೂ ಇದರಿಂದ ಅರ್ಥ ಕಳೆದುಕೊಳ್ಳುತ್ತದೆ.

ಪುಸ್ತಕ ತರಿಸುವುದು

ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳ) ರಚನೆಯಾದಾಗ ಮೊದಲ ಕರಡಿನಲ್ಲಿ ಇದ್ದದ್ದು ಎರಡೇ: ನೋಟು ಮತ್ತು ಸಾಲ ರುಜುವಾತೇ; ಖಾಲಿ ನೋಟೆಂದು ಪ್ರತಿವಾದಿ ರುಜುವಾತುಪಡಿಸುತ್ತಾನೆಯೇ. "ಕಾಫಿ ಸರಬರಾಜಿನಿಂದ ಎಷ್ಟು ಸಂದಾಯವಾಗಿದೆ" ಎಂಬ ಮೂರನೆಯದನ್ನು ಮೆಮೊ ಕೊಟ್ಟು ಸೇರಿಸಲಾಯಿತು. ಇದಿಲ್ಲದಿದ್ದರೆ ತೂಕದ ಚೀಟಿಗಳು ದಿಕ್ಕಿಲ್ಲದ ಕಾಗದಗಳಾಗುತ್ತಿದ್ದವು.

ನಂತರ ಆದೇಶ 11 ನಿಯಮ 14ರ ಅರ್ಜಿ. "ಎಲ್ಲ ಲೆಕ್ಕಪುಸ್ತಕ" ಎಂದು ಕೇಳಿದರೆ ಬಲೆ ಬೀಸುತ್ತಿದ್ದಾರೆಂದು ವಜಾ ಆಗುತ್ತದೆ. ಕೇಳಿದ್ದು ನಾಲ್ಕೇ: 2018-19 ಮತ್ತು 2019-20ರ ರೋಕಡಿ (ನಗದು ಲೆಕ್ಕದ) ಪುಸ್ತಕ, ಪ್ರತಿವಾದಿಯ ಹೆಸರಿನ ಖಾತೆ ಪುಟ, ಕಾಫಿ ಖರೀದಿ ರಿಜಿಸ್ಟರ್, ಆದಾಯ ತೆರಿಗೆಗೆ ಸಲ್ಲಿಸಿದ ಬ್ಯಾಲೆನ್ಸ್ ಶೀಟು. ವಾದಿಯ ಆಕ್ಷೇಪಣೆ: ಹಳೆಯ ಪುಸ್ತಕ ಈಗ ಇಲ್ಲ. ಮೆಣಸಿನ ವ್ಯಾಪಾರದಿಂದಾಗಿ ಅಂಗಡಿಗೆ ಜಿಎಸ್‌ಟಿ ನೋಂದಣಿ ಇತ್ತು. ಆ ಕಾಯ್ದೆಯ 36ನೇ ಕಲಮಿನ ಪ್ರಕಾರ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಪುಸ್ತಕ ಇಟ್ಟಿರಲೇಬೇಕು. ಕೋರ್ಟು ಹಾಜರುಪಡಿಸಲು ಆದೇಶಿಸಿತು. ವಾದಿ ಹಾಜರುಪಡಿಸಲಿಲ್ಲ.

ಪುಸ್ತಕ ಬಾರದಿದ್ದುದೇ ಪ್ರತಿವಾದಿಗೆ ಸಿಕ್ಕ ದೊಡ್ಡ ಸಾಕ್ಷ್ಯ. ಕುಂದನ್ ಲಾಲ್ ರಲ್ಲಾರಾಮ್ ಪ್ರಕರಣ (1961) ಹೇಳುವುದು ಇದನ್ನೇ: ತನ್ನ ಬಳಿಯಿರುವ ಲೆಕ್ಕಪತ್ರವನ್ನು ವಾದಿ ಬಚ್ಚಿಟ್ಟರೆ, ಅದು ಅವನಿಗೆ ವಿರುದ್ಧವಾಗಿತ್ತೆಂದು ಸಾಕ್ಷ್ಯ ಕಾಯ್ದೆಯ 114ನೇ ಕಲಮಿನಡಿ ಊಹಿಸಬಹುದು, ಆ ಊಹೆಯೇ 118ರ ಪೂರ್ವಭಾವನೆಯನ್ನು ಉರುಳಿಸಬಹುದು. ಭಾರತ್ ಬ್ಯಾರೆಲ್ ತೀರ್ಪು (1999) ಇನ್ನೊಂದು ಹೆಜ್ಜೆ ಇಡುತ್ತದೆ: ಪ್ರತಿಫಲ ಸಂದಿಲ್ಲವೆಂಬುದು ಸಂಭವನೀಯ ಎಂದಷ್ಟು ಪ್ರತಿವಾದಿ ತೋರಿಸಿದರೆ ಹೊಣೆ ವಾದಿಯ ಹೆಗಲಿಗೆ ಮರಳುತ್ತದೆ. 01-07-2024ರಂದು ಅಥವಾ ನಂತರ ಹೂಡಿದ ದಾವೆಗಳಲ್ಲಿ ಈ ಕಲಮುಗಳ ಸಂಖ್ಯೆ ಬೇರೆ, ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 114ರ ಜಾಗದಲ್ಲಿ 119 ಇದೆ. ಇದು ಹಳೆಯ ದಾವೆಯಾದ್ದರಿಂದ ಹಳೆಯ ಕಾಯ್ದೆಯೇ ನಡೆಯಿತು.

ಪಾಟೀ ಸವಾಲು

ಪ್ರಶ್ನೆಗಳ ಕ್ರಮ ಮೊದಲೇ ಬರೆದುಕೊಂಡದ್ದು: ವ್ಯಾಪಾರ, ಪುಸ್ತಕ, ಬ್ಯಾಂಕ್, ನಗದು, ಕೊನೆಗೆ ಮದುವೆ. ನೋಟಿನಿಂದ ಶುರು ಮಾಡಿದರೆ ವಾದಿ ಎಚ್ಚರಗೊಳ್ಳುತ್ತಾನೆ. ವ್ಯಾಪಾರದ ಪ್ರಶ್ನೆಗೆ ಅವನು ಹೆಮ್ಮೆಯಿಂದಲೇ ಉತ್ತರಿಸುತ್ತಾನೆ. ದಾಖಲಾದ ಉತ್ತರಗಳ ಸಾರ:

"ನಾನು ಬೆಳೆಗಾರರಿಂದ ಕಾಫಿ ಖರೀದಿಸುತ್ತೇನೆ ಎಂದರೆ ಸರಿ. ಕೆಲವರಿಗೆ ಕೊಯ್ಲಿಗೆ ಮುಂಚೆ ಅಡ್ವಾನ್ಸ್ ಕೊಡುತ್ತೇನೆ ಎಂದರೆ ಸರಿ. ಎಲ್ಲ ವ್ಯವಹಾರಕ್ಕೂ ಪುಸ್ತಕ ಇಟ್ಟಿದ್ದೇನೆ, ಆಡಿಟರ್ ನೋಡುತ್ತಾರೆ. 13-06-2018ರಂದು ಪ್ರತಿವಾದಿಯ ಖಾತೆಗೆ ನಾಲ್ಕು ಲಕ್ಷ ಹಾಕಿದ್ದೇನೆ ಎಂದರೆ ಸರಿ. ಆ ಹಣದ ಬಗ್ಗೆ ವಾದಪತ್ರದಲ್ಲಿ ಹೇಳಿಲ್ಲ ಎಂದರೆ ಸರಿ. ಹನ್ನೆರಡು ಲಕ್ಷವನ್ನು ಬ್ಯಾಂಕಿನಿಂದ ತೆಗೆದಿರಲಿಲ್ಲ, ಅಂಗಡಿಯಲ್ಲಿತ್ತು. ಅದನ್ನು ರೋಕಡಿಯಲ್ಲಿ ಬರೆದಿದ್ದೇನೋ ಇಲ್ಲವೋ ನೆನಪಿಲ್ಲ."

ಇಲ್ಲಿ ನಿಲ್ಲಿಸಬೇಕು. "ಹನ್ನೆರಡು ಲಕ್ಷ ಕೊಟ್ಟ ಮೂರನೇ ದಿನ ಮತ್ತೆ ನಾಲ್ಕು ಲಕ್ಷ ಏಕೆ ಕೊಟ್ಟಿರಿ?" ಎಂದು ಕೇಳಲು ನಾಲಿಗೆ ತುರಿಸುತ್ತದೆ. ಕೇಳಿದರೆ ಸಾಕ್ಷಿ ಒಂದು ಕಾರಣ ಹುಟ್ಟಿಸುತ್ತಾನೆ, ಅದು ದಾಖಲೆಗೆ ಹೋಗುತ್ತದೆ. ಆ "ಏಕೆ" ವಾದ ಮಂಡನೆಯ ದಿನಕ್ಕೆ ಸೇರಿದ್ದು. ನೋಟು ಬರೆದವನೆಂದು ಬಂದ ಎರಡನೇ ಸಾಕ್ಷಿ ಹಣ ಎಣಿಸಿದ್ದನ್ನು ನೋಡಿದೆ ಎಂದ; ಯಾವ ಮುಖಬೆಲೆಯ ನೋಟು, ಎಷ್ಟು ಕಟ್ಟು ಎಂದಾಗ "ಐನೂರರ ನೋಟು, ಆರು ಕಟ್ಟು" ಎಂದ. ನೂರು ನೋಟಿನ ಕಟ್ಟಿಗೆ ಐವತ್ತು ಸಾವಿರ. ಆರು ಕಟ್ಟಿಗೆ ಮೂರು ಲಕ್ಷ. ಹನ್ನೆರಡು ಲಕ್ಷಕ್ಕೆ ಇಪ್ಪತ್ನಾಲ್ಕು ಕಟ್ಟು ಬೇಕು. ಇದನ್ನೂ ಅವನಿಗೆ ತೋರಿಸಿ ತಿದ್ದಿಕೊಳ್ಳಲು ಅವಕಾಶ ಕೊಡಲಿಲ್ಲ.

ನಗದು ಸಾಲದ ಬಗ್ಗೆ ಒಂದು ಮಾತು. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದೆಂಬ ಆದಾಯ ತೆರಿಗೆ ಕಾಯ್ದೆ 1961ರ 269ಎಸ್‌ಎಸ್ ಕಲಮನ್ನು ರಾಮಬಾಣ ಎಂದುಕೊಂಡವರಿದ್ದಾರೆ. ಅದರಿಂದ ದಂಡ ಬೀಳಬಹುದು, ಸಾಲ ಅಸಿಂಧುವಾಗದು. ಸಂಜಾಬಿಜ್ ತಾರಿ ತೀರ್ಪು (2025) ಇದನ್ನು ಸ್ಪಷ್ಟಪಡಿಸಿದೆ. ದಂಡ ಬೀಳುವುದೂ ಪಡೆದವನ ಮೇಲೆ ಎಂಬುದನ್ನು ಮರೆಯುತ್ತಾರೆ! ಹೆಚ್ಚು ಕೆಲಸಕ್ಕೆ ಬಂದದ್ದು ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಪ್ರಕರಣ (2025): ಎರಡು ಲಕ್ಷ ಮತ್ತು ಅದಕ್ಕೆ ಮೀರಿದ ನಗದು ಕೊಟ್ಟೆನೆಂದು ದಾವೆ ಬಂದರೆ ಕೋರ್ಟು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂಬ ನಿರ್ದೇಶನ ಅದರಲ್ಲಿದೆ. ವಾದದ ಹಂತದಲ್ಲಿ ಇದನ್ನು ಎತ್ತಿದಾಗ ವಾದಿಯ ಕಡೆಯಿಂದ ಮೊದಲ ಬಾರಿಗೆ ರಾಜಿಯ ಮಾತು ಬಂತು. ನಾಲ್ಕು ಲಕ್ಷ ಕೇಳಿದರು, ಕುದುರಲಿಲ್ಲ.

ಇಪ್ಪತ್ತೆರಡು ಮೂಟೆ

ಪ್ರತಿವಾದದಲ್ಲಿ ಎಡವಿದ್ದೂ ಇದೆ. 2019ರ 96 ಮೂಟೆಗೆ ಅಂಗಡಿಯ ಮೊಹರು, ಗುಮಾಸ್ತನ ಸಹಿ ಇರುವ ತೂಕದ ಚೀಟಿಗಳಿದ್ದವು, ಔಟ್‌ಟರ್ನ್ ಕೂಡ ಬರೆದಿತ್ತು. 2020ರ 48 ಮೂಟೆಗೂ ಇತ್ತು. ಕೊನೆಯ 22 ಮೂಟೆಗೆ ಚೀಟಿ ಇಲ್ಲ. ತೂಕದ ಪಟ್ಟಿಯ ಫೋಟೊ, "22 ಬಂತು" ಎಂಬ ವಾದಿಯ ವಾಟ್ಸ್ಆ್ಯಪ್ ಸಂದೇಶ ಮಾತ್ರ. ಪ್ರಿಂಟ್ ತೆಗೆದು ಹಾಜರುಪಡಿಸಿದರು, ಸಾಕ್ಷ್ಯ ಕಾಯ್ದೆಯ 65ಬಿ(4) ಪ್ರಮಾಣಪತ್ರ ಇಡಲಿಲ್ಲ. ವಾದಿಯ ವಕೀಲರು ಗುರುತು ಮಾಡುವಾಗಲೇ ಆಕ್ಷೇಪಿಸಿದರು. ಪ್ರಮಾಣಪತ್ರ ಕಡ್ಡಾಯವೆಂದ ಅರ್ಜುನ್ ಪಂಡಿತ್‌ರಾವ್ ತೀರ್ಪಿನಲ್ಲೇ (2020) ವಿಚಾರಣೆ ಮುಗಿಯುವ ಮುನ್ನ ಅದನ್ನು ಕೊಡಲು ಅವಕಾಶವಿದೆ. ಅಷ್ಟರಲ್ಲಿ ಹಳೆಯ ಮೊಬೈಲು ಎಕ್ಸ್‌ಚೇಂಜಿಗೆ ಹೋಗಿತ್ತು, ಹೊಸದರಲ್ಲಿ ಬ್ಯಾಕಪ್ ಇರಲಿಲ್ಲ. ಪಿಕಪ್ ಚಾಲಕನನ್ನಾದರೂ ಸಾಕ್ಷಿಗೆ ಕರೆಯಬಹುದಿತ್ತು, ಕರೆಯಲಿಲ್ಲ. ಬ್ಯಾಂಕ್ ವಿವರಗಳಿಗೆ ಮಾತ್ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಮಾಣಪತ್ರ ಸರಿಯಾಗಿ ಬಂದಿತ್ತು.

ಡಿಕ್ರಿ ಮತ್ತು ಆಮೇಲೆ

2025ರ ನವೆಂಬರಿನ ತೀರ್ಪು: ಸಹಿ ಒಪ್ಪಿಗೆಯಾದ್ದರಿಂದ ಪೂರ್ವಭಾವನೆ ಹುಟ್ಟಿತು, ಆರ್‌ಟಿಜಿಎಸ್, ಮದುವೆಯ ತಾರೀಖು, ಹಾಜರುಪಡಿಸದ ಪುಸ್ತಕ ಸೇರಿ ಅದು ಉರುಳಿತು, 12 ಲಕ್ಷದ ನಗದನ್ನು ವಾದಿ ಸ್ವತಂತ್ರವಾಗಿ ರುಜುವಾತುಪಡಿಸಿಲ್ಲ. ಪ್ರತಿವಾದಿ ಒಪ್ಪಿದ 6,00,000ದಿಂದ ರುಜುವಾತಾದ 144 ಮೂಟೆಯ 4,75,488 ಕಳೆದು 1,24,512 ರೂ.ಗೆ ಡಿಕ್ರಿ. ನೋಟಿನ ಬಡ್ಡಿ ಕರಾರನ್ನು ನಂಬದಿದ್ದುದರಿಂದ ದಾವೆಗೆ ಹಿಂದಿನ ಬಡ್ಡಿ ಇಲ್ಲ, ನಂತರದ್ದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಕಲಮಿನಡಿ ಶೇ. 6, ಠೇವಣಿಯಾದ 60,000ಕ್ಕೆ ನೋಟೀಸಿನ ದಿನದವರೆಗೆ ಮಾತ್ರ. ದಾವೆಯ ಖರ್ಚು ಡಿಕ್ರಿಯಾದ ಮೊತ್ತದ ಪ್ರಮಾಣಕ್ಕೆ ತಕ್ಕಂತೆ. ಒಂದು ಪ್ರಮಾಣಪತ್ರ ಇಲ್ಲದ್ದಕ್ಕೆ ತೆತ್ತದ್ದು 71,500.

ಇನ್ನೊಂದು ಲೋಪ ಡಿಕ್ರಿ ಬಂದ ಮೇಲೆಯೇ ಕಣ್ಣಿಗೆ ಬಿದ್ದದ್ದು. ಪ್ರೋನೋಟಿನ ಜೊತೆ ಕೊಟ್ಟಿದ್ದ ಎರಡು ಖಾಲಿ ಚೆಕ್ಕು ಇನ್ನೂ ವಾದಿಯ ಬಳಿ ಇವೆ. ಕೋರ್ಟಿಗೆ ಬಂದ ದಾಖಲೆಯಲ್ಲವಾದ್ದರಿಂದ ತೀರ್ಪು ಅವನ್ನು ಮುಟ್ಟುವುದಿಲ್ಲ. ಲಿಖಿತ ಹೇಳಿಕೆಯಲ್ಲೇ ಕೋರ್ಟು ಫೀ ಕಟ್ಟಿ ಅವುಗಳ ವಾಪಸಾತಿಗೆ ಪ್ರತಿದಾವೆ ಕೇಳಬೇಕಿತ್ತು. ವಿವಾದಾಂಶ ರಚನೆಯಾದ ಮೇಲೆ ಪ್ರತಿದಾವೆ ಬಾರದೆಂದು ಅಶೋಕ್ ಕುಮಾರ್ ಕಾಲ್ರಾ ತೀರ್ಪು (2019) ಹೇಳಿದೆ. ಹಾಗಾಗಿ ಉಳಿದ ಹಣ ಕಟ್ಟುವಾಗ ಚೆಕ್ಕುಗಳ ನಂಬರು ನಮೂದಿಸಿ, ಅವನ್ನು ಮರಳಿಸಿದ್ದಾಗಿ ವಾದಿಯಿಂದ ಜಂಟಿ ಮೆಮೊಗೆ ಸಹಿ ಮಾಡಿಸಿಕೊಳ್ಳುವ ಷರತ್ತಿಟ್ಟು ಮಾತುಕತೆ ಮುಗಿಸಬೇಕಾಯಿತು. ಹಣವನ್ನು ಅಂಗಡಿಯಲ್ಲಿ ಕೈಗೆ ಕೊಡದೆ ಬ್ಯಾಂಕ್ ಮೂಲಕ ಕಳಿಸಿ, ಆದೇಶ 21 ನಿಯಮ 2ರಡಿ ಡಿಕ್ರಿ ತೀರಿತೆಂದು ದಾಖಲಿಸುವ ಅರ್ಜಿಯನ್ನು 30 ದಿನದ ಗಡುವಿನೊಳಗೆ ಹಾಕಲಾಯಿತು. ಕೋರ್ಟಿನ ದಾಖಲೆಗೆ ಬಾರದ ಸಂದಾಯವನ್ನು ಅಮಲ್ಜಾರಿ ಕೋರ್ಟು (ಡಿಕ್ರಿ ಜಾರಿ ಮಾಡುವ ಕೋರ್ಟು) ಗಣನೆಗೆ ತೆಗೆದುಕೊಳ್ಳುವುದಿಲ್ಲ.